ವಿವರಣೆಯ ಒಂದು ಸಾಲು

ಅಕೌಂಟೆನ್ಸಿಯಲ್ಲಿ ಜರ್ನಲ್ ಎಂಟ್ರಿ ಬರೆದ ಮೇಲೆ ಅದರ ಕೆಳಗೆ ಒಂದು ಸಾಲು ವಿವರಣೆ ಬರೆಯಬೇಕು. ಡೆಬಿಟ್, ಕ್ರೆಡಿಟ್ ಸರಿ ಇದ್ದರೆ ಸಾಕಲ್ಲ, ಈ ಸಾಲು ಯಾಕೆ ಬೇಕು ಎಂದು ನಾನು ಎಷ್ಟೋ ಸಲ ಅದನ್ನು ಬಿಟ್ಟಿದ್ದೇನೆ. ಈ ವರ್ಷ ಅಂಥದೇ ಒಂದು ಸಾಲನ್ನು ನಾನು ಸರಿಯಾಗಿ ಬರೆಯದ್ದರಿಂದ ನಮ್ಮ ಅಂಗಡಿಯ ಮುಂದೆ ಒಬ್ಬ ಅಜ್ಜಿ ತಲೆ ತಗ್ಗಿಸಿ ನಿಲ್ಲಬೇಕಾಯಿತು.

ತಳಕಲ್ಲಿನಲ್ಲಿ ಅಬ್ಬಾ ಅವರದು ಸಣ್ಣ ಕಿರಾಣಿ ಅಂಗಡಿ. ಅರ್ಧ ವ್ಯಾಪಾರ ನಗದು, ಅರ್ಧ ಉದ್ರಿ. ಉದ್ರಿ ಪುಸ್ತಕ ಅಬ್ಬಾ ಕೈಯಲ್ಲೇ ಇರುತ್ತಿತ್ತು. ಎಂಜಿನಿಯರಿಂಗ್ ಓದುತ್ತಿರುವ ಅಣ್ಣ ಒಂದು ಬಜೆಟ್ ಆ್ಯಪ್ ಮಾಡಿಕೊಟ್ಟ. ಅಬ್ಬಾ ಫೋನಿನಲ್ಲಿ ಮಾತಾಡಿದರೆ ಸಾಕು, ಅದು ಲೆಕ್ಕ ಬರೆದುಕೊಂಡು ಅಂಗಡಿ ಮಾಲಿಗೆ ಎಷ್ಟು, ಮನೆ ಖರ್ಚಿಗೆ ಎಷ್ಟು, ನನ್ನ ಫೀಸಿಗೆ ಎಷ್ಟು ಎಂದು ತಿಂಗಳ ಹಣ ಹಂಚಿ ತೋರಿಸುತ್ತಿತ್ತು.

ಅದರೊಳಗೆ ಇರುವುದು ಎಐ ಏಜೆಂಟ್. ಭಾಷಾ ಮಾದರಿಗೆ ಮಾತು ಅರ್ಥ ಮಾಡಿಕೊಳ್ಳಲು ಬರುತ್ತದೆ, ಆದರೆ ಲೆಕ್ಕದ ಕಡತಕ್ಕೆ ಕೈ ಹಾಕಲು ಅದಕ್ಕೆ ‘ಟೂಲ್’ ಕೊಡಬೇಕು. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಮಾದರಿಗಳಿಗೆ ಹೀಗೆ ಟೂಲ್ ಕೊಡುವ ವ್ಯವಸ್ಥೆ ತಂದಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಇದಕ್ಕೆ ಎಂಸಿಪಿ ಎಂಬ ಮುಕ್ತ ನಿಯಮಾವಳಿ ಪ್ರಕಟಿಸಿತು. ಎರಡರಲ್ಲೂ ಒಂದು ಟೂಲ್‌ಗೆ ಮುಖ್ಯವಾಗಿ ಮೂರು ಇರುತ್ತವೆ: ಹೆಸರು, ವಿವರಣೆ, ತುಂಬಬೇಕಾದ ಅಂಶಗಳು. ಟೂಲಿನ ಒಳಗಿನ ಕೋಡ್ ಏಜೆಂಟ್‌ಗೆ ಕಾಣುವುದಿಲ್ಲ. ಹೊರಗೆ ಬರೆದದ್ದನ್ನು ಓದಿಯೇ ಯಾವ ಟೂಲ್ ಬಳಸಬೇಕೆಂದು ಅದು ತೀರ್ಮಾನಿಸುತ್ತದೆ.

“ನೀ ಕಾಮರ್ಸ್ ಓದಾಕಿ, ಲೆಕ್ಕದ ಮಾತು ನಿನಗ ಗೊತ್ತು, ವಿವರಣೆ ನೀನ ಬರಿ” ಎಂದ ಅಣ್ಣ. ಎಂಟು ಟೂಲ್‌ಗಳ ವಿವರಣೆಯನ್ನು ನಾನು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ.

ಮೊದಲ ತಪ್ಪು ಅದೇ ಸಂಜೆ ಸಿಕ್ಕಿತು. ದಶಮಾಂಶದ ಗೊಂದಲ ಬೇಡವೆಂದು ಹಣದ ತಂತ್ರಾಂಶಗಳು ಬಹಳಷ್ಟು ಸಲ ಪೂರ್ಣಾಂಕವನ್ನೇ ಬಳಸುತ್ತವೆ. ರೇಜರ್‌ಪೇಯ ವ್ಯವಸ್ಥೆಗೆ 500 ರೂಪಾಯಿ ಎಂದು ತಿಳಿಸಲು 50000 ಪೈಸೆ ಎಂದು ಕಳಿಸಬೇಕು. ವೈನ್ಯಾಬ್ ಎಂಬ ಅಮೆರಿಕದ ಬಜೆಟ್ ಆ್ಯಪ್ ಒಂದು ಡಾಲರನ್ನು 1000 ಎಂದು ಎಣಿಸುತ್ತದೆ. ಅಣ್ಣನೂ ಪೈಸೆಯನ್ನೇ ಇಟ್ಟುಕೊಂಡಿದ್ದ. ನಾನು ಬರೀ ‘ಮೊತ್ತ’ ಎಂದು ಬರೆದಿದ್ದೆ. ಹೀಗಾಗಿ 200 ರೂಪಾಯಿಯ ವ್ಯಾಪಾರ 2 ರೂಪಾಯಿ ಆಯಿತು. ಗಲ್ಲಾ ತಾಳೆಯಾಗಲಿಲ್ಲ, ನಕ್ಕು ತಿದ್ದಿದೆವು.

ಎರಡನೆಯ ತಪ್ಪು ಕೆಲವು ವಾರ ಯಾರಿಗೂ ಕಾಣಲಿಲ್ಲ. ಕೂಲಿಗೆ ಹೋಗುವ ಒಬ್ಬ ಅಜ್ಜಿ ಅಂಗಡಿಗೆ ಬಂದಾಗ ಅಬ್ಬಾ ಫೋನ್ ನೋಡಿ, “ಯವ್ವಾ, ಹಳೇ ಬಾಕಿ 500 ಐತಿ” ಎಂದರು. ಆಕೆ ಒಂದು ಕ್ಷಣ ಸುಮ್ಮನಿದ್ದು, “ಸಾಹೇಬ್ರ, ಎಳ್ಳ ಅಮಾಸಿ ಮರುದಿನ ಕೊಟ್ಟೀನಲ್ರೀ” ಎಂದಳು. ಕೈಯಲ್ಲಿ ಚೀಟಿ ಇಲ್ಲ, ಸಾಕ್ಷಿ ಇಲ್ಲ. ಹಿಂದೆ ಇನ್ನೂ ಇಬ್ಬರು ಗಿರಾಕಿಗಳು ನಿಂತಿದ್ದರು. ಆಕೆ ತಲೆ ತಗ್ಗಿಸಿ, ಸಾಮಾನು ತೆಗೆದುಕೊಳ್ಳದೆ ಹೋದಳು.

ರಾತ್ರಿ ಅಣ್ಣ ದಾಖಲೆ ತೆಗೆದು ನೋಡಿದ. “ಅಜ್ಜಿ 500 ಕೊಟ್ಟಾಳ” ಎಂಬ ಅಬ್ಬಾ ಮಾತು ಅಲ್ಲೇ ಇತ್ತು. ಏಜೆಂಟ್ ಅದನ್ನು ನಗದು ಮಾರಾಟ ಎಂದು ಬರೆದಿತ್ತು. ಮಾರಾಟದ ಟೂಲ್‌ಗೆ ನಾನು ಕೊಟ್ಟ ವಿವರಣೆ: “ಹಣ ಬಂದಾಗ ಬರೆಯಲು.” ಉದ್ರಿಯ ಟೂಲ್‌ಗೆ: “ಉದ್ರಿ ಬದಲಿಸಲು.” ಹಣ ಬಂದಿದೆ, ಅದಕ್ಕೇ ಅದು ಮೊದಲನೆಯದನ್ನು ಆರಿಸಿಕೊಂಡಿತು. ಗಲ್ಲಾಕ್ಕೆ 500 ಬಂದದ್ದು ನಿಜವಾದ್ದರಿಂದ ಅಂದಿನ ನಗದು ಲೆಕ್ಕ ಪೈಸೆ ಬಿಡದೆ ತಾಳೆಯಾಗಿತ್ತು. ಬಾಕಿ ಮಾತ್ರ ಹಾಗೇ ಉಳಿದಿತ್ತು.

ಅಬ್ಬಾ ಅದೇ ರಾತ್ರಿ ಅಜ್ಜಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದರು. ನನ್ನನ್ನು ಬೈಯಲಿಲ್ಲ. “ಲೆಕ್ಕ ತಪ್ಪಿದರ ತಿದ್ದಬಹುದು ಬೇಟಿ. ಕೊಟ್ಟವರನ್ನ ಮತ್ತೊಮ್ಮೆ ಕೇಳಿದರ ಅದನ್ನ ಹೆಂಗ ತಿದ್ದೋದು?” ಎಂದಷ್ಟೇ ಅಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಕೂತು ಎಂಟನ್ನೂ ಹೊಸದಾಗಿ ಬರೆದೆ. ಉದ್ರಿಯ ಟೂಲಿನ ವಿವರಣೆ ಈಗ ಹೀಗಿದೆ: “ಹಿಂದೆ ಉದ್ರಿ ಒಯ್ದವರು ಹಣ ಮರಳಿಸಿದಾಗ ಬಳಸು. ಇದು ಅವರ ಬಾಕಿಯನ್ನು ಕಡಿಮೆ ಮಾಡುತ್ತದೆ. ಈಗಲೇ ಸಾಮಾನು ಕೊಂಡು ಹಣ ಕೊಟ್ಟರೆ ಇದನ್ನು ಬಳಸಬೇಡ, ಮಾರಾಟದ ಟೂಲ್ ಬಳಸು. ಮೊತ್ತ ಪೈಸೆಯಲ್ಲಿ: 500 ರೂಪಾಯಿಗೆ 50000. ಒಂದೇ ಹೆಸರಿನವರು ಇಬ್ಬರಿದ್ದರೆ ಅಥವಾ ಯಾವ ಹಣ ಎಂದು ತಿಳಿಯದಿದ್ದರೆ ಊಹಿಸಬೇಡ, ಕೇಳು.”

ನಮ್ಮೂರ ಸ್ಟೇಷನ್ ನೆನಪಿಸಿಕೊಳ್ಳಿ. ಗದಗ–ವಾಡಿ ಹೊಸ ಮಾರ್ಗ ಇಲ್ಲಿಂದಲೇ ಕವಲೊಡೆಯುತ್ತದೆ. 2025ರಿಂದ ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಯವರೆಗೆ ರೈಲು ಓಡುತ್ತಿದೆ. ಹಳೆಯ ಮಾರ್ಗ ಕೊಪ್ಪಳಕ್ಕೆ ಹೋಗುತ್ತದೆ. “ರೈಲು ಬರುತ್ತಿದೆ” ಎಂದಷ್ಟೇ ಕೂಗಿದರೆ ಕುಷ್ಟಗಿಗೆ ಹೋಗುವವರು ಕೊಪ್ಪಳದ ರೈಲು ಹತ್ತಿಯಾರು. ಅದು ಎಲ್ಲಿಗೆ ಹೋಗುತ್ತದೆ ಎಂಬುದರ ಜೊತೆಗೆ ಎಲ್ಲಿಗೆ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಹೊಸಬರಿಗೆ ನಮ್ಮ ಮನಸ್ಸಿನಲ್ಲಿರುವುದು ಗೊತ್ತಿರುವುದಿಲ್ಲ. ಏಜೆಂಟ್ ಪ್ರತಿ ಸಲವೂ ಹೊಸಬನೇ.

ವಿವರಣೆ ಎಷ್ಟೇ ಚೆನ್ನಾಗಿದ್ದರೂ ಅದೊಂದನ್ನೇ ನಂಬಬಾರದು ಎಂದು ಅಣ್ಣ ಇನ್ನೊಂದು ಕಟ್ಟು ಹಾಕಿದ್ದಾನೆ. ಯಾರದೇ ಬಾಕಿ ಬದಲಾಗುವ ಮುಂಚೆ ಹೆಸರು, ಮೊತ್ತ, ಉಳಿಯುವ ಬಾಕಿಯನ್ನು ಫೋನ್ ಗಟ್ಟಿಯಾಗಿ ಓದುತ್ತದೆ. ಅಬ್ಬಾ ‘ಹೂಂ’ ಎಂದರೆ ಮಾತ್ರ ಬರೆಯುತ್ತದೆ. ಎದುರಿಗೆ ನಿಂತ ಗಿರಾಕಿಗೂ ಅದು ಕೇಳಿಸುತ್ತದೆ. ಅಬ್ಬಾ ಹಳೆಯ ಉದ್ರಿ ಪುಸ್ತಕವನ್ನೂ ಮತ್ತೆ ತೆರೆದಿದ್ದಾರೆ.

ಅಜ್ಜಿ ಎರಡು ವಾರ ಅಂಗಡಿ ಕಡೆ ಬರಲಿಲ್ಲ. ಮೂರನೆಯ ವಾರ ಬಂದು ಸಕ್ಕರೆ, ಚಹಾಪುಡಿ ಒಯ್ದಳು. ನಗದು ಕೊಟ್ಟಳು. ಉದ್ರಿ ಮಾತ್ರ ಇನ್ನೂ ಕೇಳಿಲ್ಲ.

ಈಗ ಜರ್ನಲ್ ಎಂಟ್ರಿಯ ಕೆಳಗಿನ ಸಾಲನ್ನು ನಾನು ಬಿಡುವುದಿಲ್ಲ. ಅಂಕಿ ಎಷ್ಟು ಹಣ ಎಂದಷ್ಟೇ ಹೇಳುತ್ತದೆ. ಯಾರು, ಯಾಕೆ ಕೊಟ್ಟರು ಎಂದು ಹೇಳುವುದು ಆ ಸಾಲು.