ಬೆಟ್ಟದ ಋಣ

ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ನಾವು ದೇವರಿಗೆ ವಂದಿಸುತ್ತೇವೆ, ದುಡಿದ ಕೈಗಳನ್ನು ನೆನೆಯುತ್ತೇವೆ. ಆ ಅನ್ನದ ಹಿಂದೆ ಯಾವ ಬೆಟ್ಟವಿದೆ, ಯಾವ ಕಾಡಿದೆ ಎಂದು ಎಂದಾದರೂ ಯೋಚಿಸಿದ್ದೀರಾ? ನನಗೆ ಆ ಯೋಚನೆ ಬಂದದ್ದು ಕುದುರೆಮುಖದ ಕಾಲುದಾರಿಯಲ್ಲಿ.

ನನ್ನ ತಂದೆ ಅಲ್ಲಿನ ಕಬ್ಬಿಣದ ಅದಿರಿನ ಗಣಿಯಲ್ಲಿ ದುಡಿದವರು. ರಾತ್ರಿ ಪಾಳಿ ಮುಗಿಸಿ ಬಂದಾಗ ಅವರ ಬಟ್ಟೆಯ ಮಡಿಕೆಗಳಲ್ಲಿ ಧೂಳು ಕುಳಿತಿರುತ್ತಿತ್ತು. ನಮ್ಮ ಶಾಲೆಯ ಶುಲ್ಕ, ಕ್ರಿಸ್ಮಸ್ಸಿನ ಹೊಸ ಬಟ್ಟೆ, ಅಕ್ಕನ ಮದುವೆ ಎಲ್ಲವೂ ಆ ಸಂಬಳದಿಂದಲೇ ನಡೆದವು. ಅಗೆದ ಅದಿರು ನೀರಿನೊಡನೆ ಬೆರೆತು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಯುತ್ತಿತ್ತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ನಿಲ್ಲುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಆಗ ಪರಿಸರವಾದಿಗಳನ್ನು ಶಪಿಸಿದವರಲ್ಲಿ ನಾನೂ ಒಬ್ಬ. ಇದನ್ನು ನಿಮ್ಮೆದುರು ಮುಚ್ಚಿಡಲಾರೆ.

ಕಳೆದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು, ಮಗಳೊಂದಿಗೆ ಮುಳ್ಳೋಡಿಯಿಂದ ಬೆಟ್ಟ ಹತ್ತಿದೆ. ಶಿಖರದ ಎತ್ತರ 1,894 ಮೀಟರ್. ಹಾದಿಯುದ್ದಕ್ಕೂ ಗಾಳಿಗೆ ಬಾಗುವ ಹುಲ್ಲಿನ ಇಳಿಜಾರು. ಎರಡು ಗುಡ್ಡಗಳು ಕೂಡುವ ಮಡಿಲಲ್ಲಿ ಮಾತ್ರ ದಟ್ಟವಾದ ಶೋಲ ಕಾಡು. ಒಳಗೆ ಕಾಲಿಟ್ಟೊಡನೆ ಬಿಸಿಲು ಮರೆಯಾಯಿತು. ಕುಳ್ಳಗಿನ ಮರಗಳ ಮೈತುಂಬ ಪಾಚಿ, ಕಾಲಡಿಯಲ್ಲಿ ಕೊಳೆತ ಎಲೆಗಳ ಮೆತ್ತನೆಯ ಹಾಸು, ಬೇರುಗಳ ನಡುವೆ ತಣ್ಣನೆಯ ತೊರೆ. ಮಳೆಗಾಲದ ನೀರನ್ನು ಹುಲ್ಲೂ ಶೋಲವೂ ಸೇರಿ ಹೀರಿಟ್ಟುಕೊಂಡು, ಮಳೆ ನಿಂತ ಮೇಲೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ತುಂಗಾ, ಭದ್ರಾ, ನೇತ್ರಾವತಿಗಳ ಮೂಲವಿರುವುದು 1987ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿದ ಈ ಬೆಟ್ಟಸಾಲಿನಲ್ಲೇ.

"ಕಡಿದ ಶೋಲ ಸುಲಭವಾಗಿ ಮರಳುವುದಿಲ್ಲ. ಅದರ ಸಸಿಗೆ ಹಳೆಯ ಮರದ ನೆರಳೇ ಬೇಕು" ಎಂದರು ದಾರಿ ತೋರಿಸಲು ಬಂದಿದ್ದವರು. ಮಗಳು ತೊರೆಯ ನೀರಿನಲ್ಲಿ ಕೈಯದ್ದಿ ಕೇಳಿದಳು: "ಪಪ್ಪಾ, ಅಜ್ಜ ಅಗೆದದ್ದೂ ಇಂಥದೇ ಗುಡ್ಡವನ್ನಾ?"

ತುಸು ಹೊತ್ತು ನನಗೆ ಮಾತು ಹೊರಡಲಿಲ್ಲ. "ಹೌದು ಮಗಳೇ, ನಮ್ಮನ್ನು ಸಾಕಲು" ಎಂದೆ.

ತಂದೆಯನ್ನು ನಾನು ದೂರುತ್ತಿಲ್ಲ. ಅವರದು ಪ್ರಾಮಾಣಿಕ ದುಡಿಮೆ. ಆದರೆ ಆ ದುಡಿಮೆಯ ಫಲವುಂಡ ನಾನು ಬೆಟ್ಟಕ್ಕೆ ಏನಾಯಿತೆಂದು ಒಮ್ಮೆಯೂ ಕೇಳಲಿಲ್ಲ. ದೇವರು ಮನುಷ್ಯನನ್ನು ತೋಟದಲ್ಲಿಟ್ಟದ್ದು ಅದನ್ನು ವ್ಯವಸಾಯ ಮಾಡುವುದಕ್ಕೆ ಮಾತ್ರವಲ್ಲ, ಕಾಯುವುದಕ್ಕೂ ಎಂದು ಆದಿಕಾಂಡ ತಿಳಿಸುತ್ತದೆ. ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆತವನು ನಾನು. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಸೃಷ್ಟಿಯ ವಿಷಯದಲ್ಲೂ ಮನಪರಿವರ್ತನೆ ಬೇಕೆಂದು ಕರೆಯಿತ್ತರು. ಅದನ್ನು ಹಿಂದೆಯೇ ಓದಿದ್ದೆ. ಅರ್ಥವಾದದ್ದು ಆ ತೊರೆಯ ಬಳಿಯಲ್ಲಿ. ಮುಂದಿನ ಶನಿವಾರ ಪಾಪನಿವೇದನೆಯಲ್ಲಿ, ಬದುಕಿನಲ್ಲೇ ಮೊದಲ ಬಾರಿಗೆ, ಒಂದು ಬೆಟ್ಟದ ಹೆಸರು ಹೇಳಿದೆ.

ನಿಮ್ಮ ಮನೆಯ ನಲ್ಲಿಯಲ್ಲಿ ಬರುವ ನೀರು ಯಾವ ಬೆಟ್ಟದಿಂದ ಇಳಿದದ್ದು? ಮಕ್ಕಳೊಡನೆ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಅವರು ಕೇಳುವ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಕೊಡಿ. ನಮ್ಮ ಮನೆಯಲ್ಲಿ ಈಗ ಊಟದ ಪ್ರಾರ್ಥನೆ ಹೇಳುವವಳು ಮಗಳು. ಅಜ್ಜನ ಆತ್ಮಶಾಂತಿಗಾಗಿ ಬೇಡಿದ ಮೇಲೆ ಅವಳು ಬೆಟ್ಟಕ್ಕಾಗಿಯೂ ಬೇಡುತ್ತಾಳೆ. ನಾವೆಲ್ಲರೂ 'ಆಮೆನ್' ಎನ್ನುತ್ತೇವೆ.