ಎಂಟು ಅಂಕಿಗಳ ಬೀಗ

ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಕೊಲ್ಲಿಗೆ ಹೋದವರ ಬಗ್ಗೆ ಮಾತು ಬಂದರೆ ವೀಸಾ, ಸಂಬಳ, ರಜೆ ಈ ಮೂರರ ಸುದ್ದಿಯೇ ಹೆಚ್ಚು. ಹೋದವನ ಫೋನಿನ ಎರಡನೇ ಕಿಂಡಿಯಲ್ಲಿ ಸುಮ್ಮನೆ ಕುಳಿತಿರುವ ಊರಿನ ಸಿಮ್ ಕಾರ್ಡಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಾತಾಡುವಂಥದ್ದು ಅದರಲ್ಲಿ ಏನೂ ಇಲ್ಲ ಎಂದೇ ಎಲ್ಲರ ಎಣಿಕೆ. ಅದರಿಂದ ಕರೆ ಮಾಡಿದರೆ ರೋಮಿಂಗ್ ದರಕ್ಕೆ ಕೈ ಸುಡುತ್ತದೆ. ಮನೆಯವರ ಮುಖ ನೋಡಿ ಮಾತಾಡಲು ಇಂಟರ್ನೆಟ್ ಇದೆ. ಆದರೂ ಊರಿನಲ್ಲಿ ಅವನಿಗೆ ಸೇರಿದ್ದೆಲ್ಲ ಆ ಚೂರು ಪ್ಲಾಸ್ಟಿಕ್‌ಗೆ ಕಟ್ಟಿಕೊಂಡಿದೆ. ಬ್ಯಾಂಕಿನ ಹಣ ಕದಲಬೇಕಾದರೆ ಒಟಿಪಿ ಬರುವುದು ಅದಕ್ಕೆ. ಆಧಾರ್, ಆದಾಯ ತೆರಿಗೆ, ವಿಮೆ ಎಲ್ಲವೂ ಕೇಳುವುದು ಅದೇ ನಂಬರನ್ನು.

ಹಿಂದೆ ಹೀಗಿರಲಿಲ್ಲ. ಪತ್ರ ಬರೆಯಲು ಬಾರದವರು ಕ್ಯಾಸೆಟ್ಟಿನಲ್ಲಿ ದನಿ ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕಳುಹಿಸುತ್ತಿದ್ದ ಕಾಲದಲ್ಲಿ ಹಣದ ಡ್ರಾಫ್ಟಿಗೆ ಒಂದು ಸಹಿ ಸಾಕಿತ್ತು. ಸಹಿ ಮನುಷ್ಯನ ಕೈಯಲ್ಲಿರುತ್ತದೆ, ಅವನು ಹೋದಲ್ಲಿಗೆ ಬರುತ್ತದೆ. ಮೊಬೈಲ್ ನಂಬರು ಹಾಗಲ್ಲ. ಅದು ಯಾರ ಜೇಬಿನಲ್ಲಿದೆ ಎಂಬುದು ಒಂದು ಮಾತು, ಯಾರ ಹೆಸರಿನಲ್ಲಿದೆ ಎಂಬುದು ಬೇರೆಯೇ ಮಾತು. ಈ ವ್ಯತ್ಯಾಸ ಸಿಮ್ ಲಾಕ್ ಆಗುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ.

ಲಾಕ್ ಎಂದಾಗ ಹಲವರು ಫೋನಿನ ಲಾಕನ್ನೂ ಸಿಮ್ಮಿನ ಲಾಕನ್ನೂ ಒಂದೇ ಎಂದು ತಿಳಿಯುತ್ತಾರೆ. ಸಿಮ್ಮಿಗೆ ಹಾಕಿದ ಪಿನ್ ಬೀಗ ಫೋನಿನದಲ್ಲ, ಕಾರ್ಡಿನದು. ಕಾರ್ಡನ್ನು ಯಾವ ಫೋನಿಗೆ ಹಾಕಿದರೂ ಬೀಗ ಅದರ ಜೊತೆಗೇ ಬರುತ್ತದೆ. ಪಿನ್ ಅನ್ನು ಸತತ 3 ಸಲ ತಪ್ಪಾಗಿ ಒತ್ತಿದರೆ ಕಾರ್ಡು ಮುಚ್ಚಿಕೊಂಡು ಪಿಯುಕೆ ಎಂಬ 8 ಅಂಕಿಗಳ ಸಂಖ್ಯೆಯನ್ನು ಕೇಳುತ್ತದೆ. ಅದನ್ನೂ 10 ಸಲ ತಪ್ಪಾಗಿ ಒತ್ತಿದರೆ ಕಾರ್ಡು ಶಾಶ್ವತವಾಗಿ ಸತ್ತಂತೆ. ಯಾವ ಅಂಗಡಿಯವನೂ ಅದನ್ನು ಬದುಕಿಸಲಾರ. ಈ 8 ಅಂಕಿಗಳು ಪ್ರತಿ ಕಾರ್ಡಿಗೂ ಬೇರೆ ಬೇರೆ. ಸಿಮ್ ಮುರಿದು ತೆಗೆದ ಮೇಲೆ ಉಳಿಯುವ ದೊಡ್ಡ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಅವು ಹಲವು ಸಲ ಅಚ್ಚಾಗಿರುತ್ತವೆ. ನಾವು ಅದನ್ನು ಅಂಗಡಿಯ ಕಸದ ಬುಟ್ಟಿಗೇ ಎಸೆದು ಬರುತ್ತೇವೆ. ಅದಿಲ್ಲದಿದ್ದರೆ ಕಂಪೆನಿಯನ್ನೇ ಕೇಳಬೇಕು.

ದುಬೈಯ ದೇರಾದಲ್ಲಿ ನಾವು ಆರು ಮಂದಿ ಒಂದು ಕೋಣೆಯಲ್ಲಿದ್ದೆವು. ಅವರಲ್ಲಿ ಹಿರಿಯರೊಬ್ಬರಿಗೆ ಈ ಕಷ್ಟ ಬಂತು. ಅವರು ರಜೆ ಮುಗಿಸಿ ಬಂದು ಎರಡು ತಿಂಗಳಾಗಿತ್ತು. ಊರಿನಲ್ಲಿದ್ದಾಗ ಅಳಿಯನೊಬ್ಬ, ಫೋನ್ ಕಳವಾದರೂ ಸಿಮ್ ದುರುಪಯೋಗ ಆಗದಿರಲಿ ಎಂದು ಸಿಮ್ಮಿಗೆ ಪಿನ್ ಹಾಕಿ ಕೊಟ್ಟಿದ್ದ. ಒಳ್ಳೆಯ ಉದ್ದೇಶವೇ. ಆದರೆ ಆ ಸಂಖ್ಯೆಯನ್ನು ಇವರಿಗೆ ಬರೆದು ಕೊಟ್ಟಿರಲಿಲ್ಲ. ಇಲ್ಲಿ ಹೊಸ ಫೋನ್ ಕೊಂಡು ಊರಿನ ಸಿಮ್ಮನ್ನು ಅದಕ್ಕೆ ಹಾಕಿದಾಗ ಪಿನ್ ಕೇಳಿತು. ತಮ್ಮ ಹುಟ್ಟಿದ ವರ್ಷ, ಮಗಳು ಹುಟ್ಟಿದ ವರ್ಷ, ಸ್ಕೂಟರಿನ ನಂಬರು ಹೀಗೆ ಮೂರು ಅವಕಾಶಗಳೂ ಮುಗಿದವು. ಪಿಯುಕೆಯನ್ನೂ ಊಹಿಸಲು ಹೊರಟು ನಾಲ್ಕು ಸಲ ಒತ್ತಿಯಾದ ಮೇಲೆ ಫೋನನ್ನು ನನ್ನ ಬಳಿ ತಂದರು. ಎಂಟು ಅಂಕಿಗಳಿಂದ ಹತ್ತು ಕೋಟಿ ಸಂಖ್ಯೆಗಳಾಗುತ್ತವೆ. ಉಳಿದದ್ದು ಆರು ಅವಕಾಶ. ಇನ್ನು ಮುಟ್ಟಬೇಡಿ ಎಂದು ಹೇಳಿ ಫೋನನ್ನು ಪಕ್ಕಕ್ಕಿಡಿಸಿದೆ.

ಅವರ ಮಗಳಿಗೆ ಬಿ.ಎಡ್. ಸೀಟು ಸಿಕ್ಕಿತ್ತು. ಶುಲ್ಕ ಕಟ್ಟಲು ನಾಲ್ಕೇ ದಿನ ಉಳಿದಿತ್ತು. ಹಣ ಇರಲಿಲ್ಲವೆಂದಲ್ಲ. ಅದಕ್ಕೆಂದೇ ಕೂಡಿಟ್ಟ ಹಣ ಅವರ ಊರಿನ ಖಾತೆಯಲ್ಲೇ ಇತ್ತು. ಒಟಿಪಿ ಬಾರದೆ ಅದು ಅಲುಗುವಂತಿರಲಿಲ್ಲ. ಇಲ್ಲಿನ ಸಂಬಳ ಬರಲು ಇನ್ನೂ ಎರಡು ವಾರವಿತ್ತು.

ಸಿಮ್ ಕಂಪೆನಿಯ ಸಹಾಯವಾಣಿಯ ಚಿಕ್ಕ ನಂಬರು ಪರದೇಶದ ನಂಬರಿನಿಂದ ಹತ್ತುವುದಿಲ್ಲ. ಭಾರತದ ಕೋಡ್ ಸೇರಿಸಿ ಉದ್ದದ ನಂಬರಿಗೆ ಕರೆ ಮಾಡಬೇಕು. ಮಾಡಿದೆವು. ಆ ಕಡೆಯ ಹುಡುಗಿ ಸೌಜನ್ಯದಿಂದಲೇ ಗ್ರಾಹಕರ ಹೆಸರು, ಜನ್ಮ ದಿನಾಂಕ ಕೇಳಿದಳು. ಇವರು ಹೇಳಿದರು. "ಕ್ಷಮಿಸಿ, ಈ ನಂಬರು ನಿಮ್ಮ ಹೆಸರಿನಲ್ಲಿಲ್ಲ" ಎಂದಳು. ಅವಳದ್ದೇನೂ ತಪ್ಪಲ್ಲ. ಕೇಳಿದವರಿಗೆಲ್ಲ ಆ ಅಂಕಿಗಳನ್ನು ಕೊಡುವುದಾದರೆ ಬೀಗದ ಅಗತ್ಯವೇ ಇಲ್ಲ.

ನಂಬರು ಅವರ ತಮ್ಮನ ಹೆಸರಿನಲ್ಲಿತ್ತು. ವರ್ಷಗಳ ಹಿಂದೆ ಅದನ್ನು ಕೊಳ್ಳುವಾಗ ಇವರ ಪಾಸ್‌ಪೋರ್ಟ್ ವೀಸಾ ಸ್ಟ್ಯಾಂಪಿಂಗಿಗೆಂದು ಮುಂಬೈಯ ಏಜೆಂಟನ ಬಳಿ ಇತ್ತು. ಬೇರೆ ಗುರುತುಚೀಟಿ ಇರಲಿಲ್ಲ. ತಮ್ಮ ತನ್ನ ದಾಖಲೆ ಕೊಟ್ಟು ಸಿಮ್ ತೆಗೆಸಿದ. ಕೊಲ್ಲಿಯಲ್ಲಿರುವ ಎಷ್ಟೋ ಮಂದಿಯ ಊರಿನ ನಂಬರಿನ ಕಥೆ ಹೀಗೆಯೇ. ಆದರೆ ಈ ತಮ್ಮನೊಂದಿಗೆ ಇವರಿಗೆ ಮಾತಿರಲಿಲ್ಲ. ತಂದೆ ತೀರಿಕೊಂಡ ಮೇಲೆ ಮನೆ ಜಾಗದ ಪಾಲಿನ ವಿಷಯದಲ್ಲಿ ಮುನಿಸಾಗಿ ಮೂರು ವರ್ಷ ಕಳೆದಿತ್ತು. ಮೂರು ದಿನಕ್ಕಿಂತ ಹೆಚ್ಚು ಸಹೋದರನೊಡನೆ ಮಾತು ಬಿಡಬಾರದೆಂಬ ಪ್ರವಾದಿ ಬೋಧನೆಯನ್ನು ಅವರು ಎಷ್ಟು ಖುತ್ಬಾಗಳಲ್ಲಿ ಕೇಳಿದ್ದರೋ! ಸಿಮ್ ಕಳೆದಿದೆಯೆಂದು ಡೂಪ್ಲಿಕೇಟ್ ತೆಗೆಸಿ ಬರುವವರ ಕೈಯಲ್ಲಿ ತರಿಸೋಣವೆಂದರೆ ಅದಕ್ಕೂ ತಮ್ಮನೇ ಹೋಗಬೇಕು. ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಕೂಡ ಬರುವುದಿಲ್ಲ. ವಂಚಕರನ್ನು ತಡೆಯಲು ಮಾಡಿದ ನಿಯಮ ಅದು. ಎಲ್ಲ ದಾರಿಗಳೂ ಆ ಒಂದು ಮನೆಯ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದವು.

ಇಶಾ ನಮಾಝ್ ಮುಗಿಸಿ ಬಂದು ಬಹಳ ಹೊತ್ತು ಮಂಚದ ಮೇಲೆ ಕುಳಿತಿದ್ದರು. ಊರಿನಲ್ಲಿ ಆಗ ಗಂಟೆ ಹತ್ತು ದಾಟಿತ್ತು. ಕೊನೆಗೆ ಕರೆ ಮಾಡಿದರು. ಸಲಾಮ್ ಹೇಳಿ ಸುಮ್ಮನಾದರು. ಆ ಕಡೆಯಿಂದ ತಮ್ಮ ಕೇಳಿದ್ದು "ಕಾಲು ನೋವು ಹೇಗಿದೆ?" ಎಂದು. ಇವರಿಗೆ ಸಿಮ್ಮಿನ ಮಾತು ತೆಗೆಯಲು ಐದು ನಿಮಿಷ ಹಿಡಿಯಿತು.

ಮರುದಿನ ತಮ್ಮ ಆಧಾರ್ ಹಿಡಿದುಕೊಂಡು ಕಂಪೆನಿಯ ಅಂಗಡಿಗೆ ಹೋಗಿ, ಅಲ್ಲಿಂದಲೇ ಫೋನ್ ಮಾಡಿ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದ. ನಾನು ಕಾಗದದಲ್ಲಿ ಬರೆದುಕೊಂಡು, ಅವನಿಗೆ ತಿರುಗಿ ಓದಿ ಹೇಳಿ, ಆಮೇಲೆ ಒತ್ತಿದೆ. ಹೊಸ ಪಿನ್ ಕೇಳಿತು, ಕೊಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಸಿಗ್ನಲ್ಲಿನ ಗೆರೆಗಳು ಮೂಡಿದವು. ಶುಲ್ಕ ಅಂದೇ ಹೋಯಿತು. ಜಾಗದ ತಕರಾರು ಅಷ್ಟಕ್ಕೇ ಬಗೆಹರಿಯಲಿಲ್ಲ. ಆದರೆ ಅದನ್ನು ಇಬ್ಬರೂ ಮಾತಾಡಿಯೇ ಜಗಳವಾಡುವಂತಾಯಿತು ಎಂದು ಅವರೇ ಮುಂದೆ ನಗುತ್ತಾ ಹೇಳುತ್ತಿದ್ದರು.

ಈ ತಮ್ಮ ಒಳ್ಳೆಯವನಾದ್ದರಿಂದ ಕೆಲಸವಾಯಿತು. ಎಲ್ಲರಿಗೂ ಅಂಥ ತಮ್ಮಂದಿರು ಇರುವುದಿಲ್ಲ. ಸಿಮ್ ಪಡೆದ ಗೆಳೆಯ ತೀರಿಕೊಂಡಿರಬಹುದು, ಊರು ಬಿಟ್ಟಿರಬಹುದು, ಮನಸ್ಸು ಮುರಿದಿರಬಹುದು. ಯಾರ ಹೆಸರಿನಲ್ಲಿ ಸಿಮ್ ಇದೆಯೋ ಅವರು ಡೂಪ್ಲಿಕೇಟ್ ತೆಗೆಸಿಕೊಂಡರೆ ಬ್ಯಾಂಕಿನ ಒಟಿಪಿ ಹೋಗುವುದು ಅವರ ಕೈಗೆ. ಯುಎಇಯಲ್ಲಿ 2012ರಲ್ಲಿ 'ಮೈ ನಂಬರ್ ಮೈ ಐಡೆಂಟಿಟಿ' ಎಂಬ ಅಭಿಯಾನ ನಡೆಸಿ ಪ್ರತಿಯೊಬ್ಬರೂ ತಮ್ಮ ಗುರುತಿನ ದಾಖಲೆ ಕೊಟ್ಟು ಸಿಮ್ ನೋಂದಾಯಿಸುವಂತೆ ಮಾಡಿದಾಗ ನಾವೆಲ್ಲ ಸಾಲಿನಲ್ಲಿ ನಿಂತೆವು, ಇಲ್ಲವಾದರೆ ನಂಬರು ಹೋಗುತ್ತಿತ್ತು. ಊರಿನ ನಂಬರಿಗೆ ಮಾತ್ರ ಆ ಶಿಸ್ತು ನಮಗೆ ಬರಲಿಲ್ಲ.

ಇದರ ಇನ್ನೊಂದು ಮುಖವನ್ನು ನಾವು ಗಮನಿಸುವುದೇ ಇಲ್ಲ. ಗಂಡ ಕೊಲ್ಲಿಯಲ್ಲಿರುವ ಎಷ್ಟೋ ಮನೆಗಳಲ್ಲಿ ಹೆಂಡತಿಯ ಕೈಯಲ್ಲಿರುವ ಸಿಮ್ ಗಂಡನ ಹೆಸರಿನಲ್ಲಿರುತ್ತದೆ. ಮಗು ಆಡುತ್ತಾ ಲಾಕ್ ಮಾಡಿತೆನ್ನಿ. ಅಂಗಡಿಗೆ ಹೋದರೆ "ಯಜಮಾನರನ್ನು ಕರೆದುಕೊಂಡು ಬನ್ನಿ" ಎನ್ನುತ್ತಾರೆ. ಯಜಮಾನರು ಬರುವುದು ಎರಡು ವರ್ಷಕ್ಕೊಮ್ಮೆ. ಬಳಕೆಯಿಲ್ಲದೆ 90 ದಿನ ಕಳೆದ ನಂಬರನ್ನು ಕಂಪೆನಿ ಹಿಂದಕ್ಕೆ ಪಡೆಯಬಹುದು. ಮಕ್ಕಳ ಶಾಲೆ, ಗ್ಯಾಸ್, ಬ್ಯಾಂಕು ಎಲ್ಲದಕ್ಕೂ ಕೊಟ್ಟಿದ್ದ ಆ ನಂಬರು ಮುಂದೆ ಇನ್ಯಾರದೋ ಆಗುತ್ತದೆ. ಮನೆ ನಡೆಸುವವಳು ಅವಳು, ಮಕ್ಕಳನ್ನು ಆಸ್ಪತ್ರೆಗೆ ಒಯ್ಯುವವಳು ಅವಳು. ಅವಳ ಫೋನಿಗೆ ಅವಳ ಹೆಸರಿರಬಾರದೇಕೆ? ಗಂಡ ಅಲ್ಲಿಯೇ ಮರಣ ಹೊಂದಿದರೆ, ದುಃಖದ ನಡುವೆ ಅವಳು ಒಂದು ಸಿಮ್ಮಿಗಾಗಿ ಮರಣಪತ್ರ ಹಿಡಿದು ಅಲೆಯುವಂತಾಗಬಾರದು.

ಬದಲಿಸುವುದು ಕಷ್ಟದ ಕೆಲಸವಲ್ಲ. ಇಬ್ಬರೂ ಊರಿನಲ್ಲಿರುವ ರಜೆಯ ದಿನಗಳಲ್ಲಿ ದಾಖಲೆಗಳೊಂದಿಗೆ ಹೋಗಿ ಸಿಮ್ಮಿನ ಹೆಸರನ್ನು ವರ್ಗಾಯಿಸಿಕೊಳ್ಳಬಹುದು. ಪಿಯುಕೆಯನ್ನು ಕೇಳಿ ಪಡೆದು ಪಾಸ್‌ಪೋರ್ಟಿನ ಪ್ರತಿಯೊಂದಿಗೆ ಬರೆದಿಡಬಹುದು. ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜಿನ ಅವಧಿ ಮುಗಿಯದಂತೆ ನೋಡಿಕೊಂಡರೆ ನಂಬರು ಬದುಕಿರುತ್ತದೆ. 2023ರಿಂದ ಯುಎಇ, ಸೌದಿ, ಕತಾರ್, ಒಮಾನ್ ಸೇರಿ ಹಲವು ದೇಶಗಳ ಮೊಬೈಲ್ ನಂಬರಿನಿಂದಲೇ ಅನಿವಾಸಿಗಳ ಖಾತೆಗೆ ಯುಪಿಐ ಜೋಡಿಸಲು ಅವಕಾಶ ಸಿಕ್ಕಿದೆ. ಬ್ಯಾಂಕಿನಲ್ಲಿ ವಿಚಾರಿಸಿ ಅದನ್ನು ಮಾಡಿಕೊಂಡರೆ ಭಾರವೆಲ್ಲ ಒಂದೇ ಸಿಮ್ಮಿನ ಮೇಲೆ ಬೀಳುವುದಿಲ್ಲ.

ತಮ್ಮನ ಬಳಿ, ಗಂಡನ ಬಳಿ "ನಂಬರು ನನ್ನ ಹೆಸರಿಗೆ ಮಾಡಿಕೊಡು" ಎಂದು ಕೇಳುವುದು ಅಪನಂಬಿಕೆಯ ಮಾತೆಂದು ನಮ್ಮವರು ಹಿಂಜರಿಯುತ್ತಾರೆ. ಕುರ್‌ಆನಿನ ಅತ್ಯಂತ ದೀರ್ಘವಾದ ವಚನ ನಮಾಝ್ ಅಥವಾ ಉಪವಾಸದ ಕುರಿತಾದದ್ದಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳನ್ನು ನಿಲ್ಲಿಸಬೇಕು ಎಂಬುದರ ಕುರಿತಾದದ್ದು. ಅದು ಪರಸ್ಪರ ಸಂಶಯಪಡುವ ಜನರಿಗೆ ಹೇಳಿದ್ದಲ್ಲ, ವಿಶ್ವಾಸಿಗಳನ್ನೇ ಕರೆದು ಹೇಳಿದ್ದು. ಯಾರದು ಅವರ ಹೆಸರಿನಲ್ಲಿದ್ದರೆ ಅಮಾನತ್ ಕಾಪಾಡುವವನ ಹೆಗಲೂ ಹಗುರಾಗುತ್ತದೆ. ಈ ಸಲ ರಜೆಗೆ ಬರುವವರು ಚಿನ್ನ, ಸೆಂಟು, ಚಾಕಲೇಟು ಹಂಚಿಯಾದ ಮೇಲೆ ಒಂದು ಬೆಳಿಗ್ಗೆಯನ್ನು ಈ ಕೆಲಸಕ್ಕೆ ಬಿಡುವು ಮಾಡಿಕೊಳ್ಳಲಿ. ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಲಿ.