ಕುಣಿಯೊಳಗಿನ ಕಾಲು

ಮೂವತ್ಮೂರನೇ ವಯಸ್ಸಿಗೆ ಡ್ರಮ್ಸ್ ಕ್ಲಾಸಿಗೆ ಸೇರ್ತೀನಿ ಅಂದಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲರ ಹಾಗೆ ಬುಲೆಟ್ ತಗೊಳ್ಳೋಕೆ ಆಗಲ್ವಾ?"

ಗಜೇಂದ್ರಗಡದವನಿಗೆ ಬಡಿಯೋದೇನೂ ಹೊಸದಲ್ಲ ನೋಡ್ರಿ. ರೋಣ, ನರಗುಂದದ ಕಡೆ ಮದುವೆಗೆ ಹೋದ್ರೂ ಸರಿ, ನಮ್ಮೂರ ಜಾತ್ರೆಯಲ್ಲಾದ್ರೂ ಸರಿ, ಹಲಗಿ, ಡೊಳ್ಳು, ಕರಡಿ ಮಜಲು ಕೇಳಿಕೊಂಡೇ ಬೆಳೆದವನು. ಶಾಲೆಯ ಬೆಂಚಿನ ಮೇಲೆ ಬಾರಿಸಿ ಮಾಸ್ತರ ಕಡೆಯಿಂದ ಬೆನ್ನಿಗೆ ಬಾರಿಸಿಕೊಂಡವನೂ ಹೌದು. ಆದ್ರೆ ನಮ್ಮಲ್ಲಿ ಬಡಿಯೋದೆಲ್ಲ ಕೈ ಕೆಲಸ, ಕಾಲು ಇರೋದು ಕುಣಿಯೋಕೆ. ಹಾಗಾಗಿ ಎರಡು ತಿಂಗಳಲ್ಲಿ ಕೈ ಒಂದು ದಾರಿಗೆ ಬಂತು. ಬಲಗಾಲು ಮಾತ್ರ ಬರಲಿಲ್ಲ.

ಡ್ರಮ್ ಸೆಟ್‌ನಲ್ಲಿ ನೆಲದ ಮೇಲೆ ಕೂತಿರುವ ದೊಡ್ಡ ಡ್ರಮ್ಮನ್ನು ಕಾಲಲ್ಲೇ ಬಾರಿಸಬೇಕು. ಒಂದು ಹಲಗೆ, ಒಂದು ಚೈನು, ಒಂದು ಸ್ಪ್ರಿಂಗು, ತುದಿಗೆ ಉಂಡೆಯಂಥ ಬೀಟರು, ಇಷ್ಟೇ ಪೆಡಲ್ಲು. 1909ರಲ್ಲಿ ಚಿಕಾಗೋದ ವಿಲಿಯಂ ಲಡ್ವಿಗ್ ಅನ್ನೋ ಡ್ರಮ್ಮರ್, ಆಗ ಇದ್ದ ಪೆಡಲ್‌ಗಳು ರಾಗ್‌ಟೈಮ್ ಸಂಗೀತದ ವೇಗಕ್ಕೆ ಸಾಲೋದಿಲ್ಲ ಅಂತ ತಾನೇ ಒಂದು ಹೊಸದನ್ನು ಮಾಡಿದನಂತೆ. ಅವನಿಗೆ ಪೆಡಲ್ ಸಾಲ್ತಿರಲಿಲ್ಲ, ನನಗೆ ಕಾಲೇ ಸಾಲ್ತಿಲ್ಲ.

ಎರಡು ಪದ್ಧತಿ ಇವೆ. ಹಿಮ್ಮಡಿಯನ್ನು ಹಲಗೆಗೆ ಊರಿ ಪಾದ ಮಾತ್ರ ಆಡಿಸೋದು ಒಂದು. ಹಿಮ್ಮಡಿ ಎತ್ತಿ ಇಡೀ ಕಾಲಿನ ಭಾರದಿಂದ ಹೊಡೆಯೋದು ಇನ್ನೊಂದು. ಮೊದಲನೆಯದರಲ್ಲಿ ಹತ್ತೇ ನಿಮಿಷಕ್ಕೆ ಮೊಣಕಾಲಿನ ಕೆಳಗಿನ ಮುಂಭಾಗ ಉರಿಯೋಕೆ ಶುರು. ಎರಡನೆಯದರಲ್ಲಿ ಸದ್ದು ಜೋರು, ಆದ್ರೆ ಬೆನ್ನುಬೆನ್ನಿಗೆ ಎರಡು ಪೆಟ್ಟು ಹೊಡೆಯಬೇಕಾದಾಗ ಎರಡನೇದು ಸತ್ತೇ ಹುಟ್ಟುತ್ತಿತ್ತು.

ಇಂಜಿನಿಯರ್ ಅಲ್ವಾ, ಎಕ್ಸೆಲ್ ಶೀಟ್ ಮಾಡಿದೆ. ದಿನಾಂಕ, ನಿಮಿಷ, ಮೆಟ್ರೊನೋಮ್ ವೇಗ. ಸ್ಪ್ರಿಂಗ್ ಬಿಗಿ ಮಾಡಿದೆ, ಸಡಿಲ ಮಾಡಿದೆ, ಬೀಟರ್ ಬದಲಿಸಿದೆ. ಕೆಳಗಿನ ಮನೆಯವರು ಎರಡು ಸಲ ಬಂದು ಹೋದ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಕಿ ಪ್ರಾಕ್ಟೀಸ್ ಪ್ಯಾಡ್‌ಗೆ ಇಳಿದೆ. ಲೆಡ್ ಝೆಪೆಲಿನ್‌ನ ಜಾನ್ ಬಾನಮ್ 1968ರಲ್ಲಿ 'ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್' ಹಾಡಿಗೆ ಒಂದೇ ಕಾಲಲ್ಲಿ ಬಾರಿಸಿದ್ದನ್ನು ಕೇಳಿದ ಮೇಲೆ ಹಠ ಹೆಚ್ಚಾಯ್ತು, ತುಳಿತಾನೂ ಹೆಚ್ಚಾಯ್ತು. ಮೂರು ತಿಂಗಳಾದ್ರೂ ಗ್ರಾಫ್ 84ರ ಮೇಲೆ ಏರಲಿಲ್ಲ.

ಆಗಲೇ ಅಪ್ಪ ಮೊಣಕಾಲು ತೋರಿಸೋಕೆ ಬೆಂಗಳೂರಿಗೆ ಬಂದಿದ್ದು.

ಅಪ್ಪ ನೇಕಾರ. ಕುಣಿಮಗ್ಗದಲ್ಲಿ ನಲವತ್ತು ವರ್ಷ ಪಟ್ಟೇದಂಚಿನ ಸೀರೆ ನೇಯ್ದವನು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಒಂದು ಹಲಗೆ ಒತ್ತಿದರೆ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ, ಲಾಳಿ ಓಡುತ್ತದೆ, ಹಣಿಗೆ ಬಡಿಯುತ್ತದೆ, ಆಮೇಲೆ ಇನ್ನೊಂದು ಕಾಲು. ಆ ಸದ್ದಿನಲ್ಲೇ ನಾನು ಮಗ್ಗಿ ಬಾಯಿಪಾಠ ಮಾಡಿದ್ದು. ಆದ್ರೆ ಕುಣಿಯ ಹತ್ತಿರ ಹೋದ್ರೆ ಅಪ್ಪ ಬೈತಿದ್ದ. "ನೀ ಇದರಾಗ ಇಳಿಯೋದ ಬ್ಯಾಡ. ಪುಸ್ತಕ ಹಿಡಿ." ನಾನೂ ಎಷ್ಟು ಚೆನ್ನಾಗಿ ಮಾತು ಕೇಳಿದೆ ಅಂದ್ರೆ, ಬಿಇ ಓದುವಾಗ ಹಾಸ್ಟೆಲ್‌ನಲ್ಲಿ ಯಾರಾದ್ರೂ ಕೇಳಿದ್ರೆ ಅಪ್ಪಂದು "ಟೆಕ್ಸ್‌ಟೈಲ್ ಬಿಸಿನೆಸ್" ಅಂತಿದ್ದೆ.

ಅಪ್ಪ ಬಾಗಿಲಲ್ಲಿ ನಿಂತು ಸುಮಾರು ಹೊತ್ತು ನೋಡಿದ.

"ಯಾಕ ಅಷ್ಟ ತುಳಿತಿ? ಎಳಿ ಹರೀತಾವ."

"ಇದರಲ್ಲಿ ಎಳೆ ಇಲ್ಲಪ್ಪ."

"ಇಲ್ಲಂದ್ರ ಏನಾತು? ಕಾಲಿಗೇನ ಗೊತ್ತು?" ಅಂತ ಪಕ್ಕದಲ್ಲಿ ಸ್ಟೂಲ್ ಎಳೆದು ಕೂತ. "ಒತ್ತೋದು ಅರ್ಧ ಕೆಲಸ. ಹಲಗಿ ಹೊಳ್ಳಿ ಮ್ಯಾಲ ಬರತೈತಿ, ಅದರ ಕೂಡ ಕಾಲೂ ಬರಬೇಕು. ನೀ ಅದರ ಕುತಿಗಿ ಹಿಡಕೊಂಡ ಕುಂತೀ."

ಬೀಟರ್ ಹೊಡೆದು ವಾಪಸ್ ಬರಲಿ, ಚರ್ಮಕ್ಕೆ ಒತ್ತಿ ಹಿಡೀಬೇಡ ಅಂತ ಡ್ರಮ್ಸ್ ಮೇಷ್ಟ್ರು ಇಂಗ್ಲಿಷಲ್ಲಿ ಹತ್ತು ಸಲ ಹೇಳಿದ್ದರು. ನಾನು ಅದನ್ನು ನೋಟ್ಸ್‌ನಲ್ಲಿ ಬರೆದೂ ಇಟ್ಟಿದ್ದೆ.

ಸ್ಟೂಲ್ ಬಿಟ್ಟುಕೊಟ್ಟೆ. ಅಪ್ಪ ಪಂಚೆ ಸರಿ ಮಾಡಿಕೊಂಡು ಬರಿಗಾಲನ್ನು ಪೆಡಲ್ ಮೇಲಿಟ್ಟ. ಮೆಟ್ರೊನೋಮ್ 70ರಲ್ಲಿತ್ತು. ಮೊದಲ ನಾಕು ಪೆಟ್ಟು ಅಡ್ಡಾದಿಡ್ಡಿ. ಆಮೇಲೆ ಕಾಲು ಕೂತುಬಿಡ್ತು. ವೇಗ ಏನಿಲ್ಲ, ಆದ್ರೆ ಒಂದು ಪೆಟ್ಟಿಗೂ ಇನ್ನೊಂದಕ್ಕೂ ಕೂದಲೆಳೆ ಫರಕಿಲ್ಲ. ಅಂಗಾಲು ಹಲಗೆ ಬಿಟ್ಟು ಏಳಲೇ ಇಲ್ಲ. ಎರಡು ನಿಮಿಷಕ್ಕೆ ಮೊಣಕಾಲು ಹಿಡಿದುಕೊಂಡು ನಿಲ್ಲಿಸಿದ.

"ಇದನ್ನ ಕಲಿಯಾಕ ತಿಂಗಳಾ ಎಷ್ಟ ಕೊಡ್ತಿ?"

ಅರ್ಧ ಕಡಿಮೆ ಮಾಡಿ ಹೇಳಿದೆ. ಆದ್ರೂ ಅಪ್ಪ ನಕ್ಕ. "ಅಷ್ಟ ರೊಕ್ಕಾ ನನಗ ಬರಾಕ ಎಷ್ಟ ಸೀರಿ ನೇಯ್ಬೇಕಿತ್ತ ಗೊತ್ತೇನು?" ನಗುತ್ತಲೇ ಹೇಳಿದ್ದು. ನನಗೆ ಮಾತ್ರ ಮುಂದೆ ಏನು ಹೇಳಬೇಕೋ ತಿಳಿಯಲಿಲ್ಲ.

ಆ ವಾರ ಶೂ ಬಿಚ್ಚಿಟ್ಟೆ. ವೇಗ 50ಕ್ಕೆ ಇಳಿಸಿದೆ. ಹೊಡೆಯೋದನ್ನು ಬಿಟ್ಟು, ಹಲಗೆ ಮೇಲೆ ಬರುವಾಗ ಅದಕ್ಕೆ ಅಡ್ಡ ಬರದಿರೋದನ್ನಷ್ಟೇ ಅಭ್ಯಾಸ ಮಾಡಿದೆ. ಐದು ವಾರಕ್ಕೆ ಎರಡನೇ ಪೆಟ್ಟಿಗೆ ಜೀವ ಬಂತು. ಗ್ರಾಫ್ 96 ದಾಟಿತು. ಕ್ಲಾಸಲ್ಲಿ ಒಬ್ಬ ಹುಡುಗ "ಎಲ್ಲಿ ಕಲಿತ್ರಿ ಸರ್?" ಅಂದ. "ನಮ್ಮಪ್ಪ ನೇಕಾರ, ಅವರು ಹೇಳಿಕೊಟ್ರು" ಅಂದೆ. ಅವನಿಗೆ ಅರ್ಥ ಆಗಲಿಲ್ಲ. ನನಗೆ ಮಾತ್ರ ಹದಿನೈದು ವರ್ಷದ ಹಳೇ ಬಗ್ ಒಂದನ್ನು ಕ್ಲೋಸ್ ಮಾಡಿದ ಹಾಗಾಯ್ತು.

ಯುಗಾದಿಗೆ ಊರಿಗೆ ಹೋದಾಗ ಮಗ್ಗದ ಕುಣಿಗೆ ಹಲಗೆ ಮುಚ್ಚಿ ಮೇಲೆ ಜೋಳದ ಚೀಲ ಇಟ್ಟಿದ್ದರು. ಚೀಲ ಸರಿಸಿ ಕಾಲು ಇಳಿಬಿಟ್ಟು ಕೂತೆ. ಈ ಸಲ ಅಪ್ಪ ಬೈಲಿಲ್ಲ. ಎಳೆ ಇಲ್ಲದ ಮಗ್ಗದ ಹಲಗೆಗಳನ್ನು ಸುಮ್ಮನೆ ಒತ್ತಿದೆ, ಬಲ, ಎಡ, ಬಲ, ಎಡ. ಅಪ್ಪ ಕಟ್ಟೆ ಮೇಲಿಂದಲೇ ಕೇಳಿಸಿಕೊಂಡ.

"ಬಲಗಾಲು ಬಂತು. ಎಡಗಾಲು ಎಲ್ಲಿ ಹೋತೋ?"

ಎಕ್ಸೆಲ್‌ನಲ್ಲಿ ಈಗ ಇನ್ನೊಂದು ಕಾಲಮ್ ಸೇರಿದೆ.